ನಿನ್ನೆಯ ಟಿಕೆಟ್

ಬಂದರಿನಿಂದ ಬೆಂಗ್ರೆಗೆ ಹೊಳೆ ದಾಟಲು
ನಮ್ಮ ದೋಣಿಗೆ ಎಂಟೇ ನಿಮಿಷ.
ಅಷ್ಟರೊಳಗೆ ಮುಗಿಯುವ ಜಗಳ
ಬೆಂಗ್ರೆಯವರಿಗೆ ಜಗಳವೇ ಅಲ್ಲ.
ಹಾಗಾಗಿ ಹನ್ನೊಂದು ದಿನ, ದಿನಕ್ಕೆ ಮೂವತ್ತು ಸಲ,
ತಮೀಮನ ಮೊಣಕೈ
ನನ್ನ ದೋಣಿಯಲ್ಲಿ ಆಚೆಗೂ ಈಚೆಗೂ
ಟಿಕೆಟಿಲ್ಲದೆ ಓಡಾಡಿತು.

ಎಪ್ಪತ್ತೆಂಟನೇ ನಿಮಿಷ. ನೆಹರೂ ಮೈದಾನದ ಬಡಗಣ ಗೋಲು.
ಕಾರ್ನರಿನಿಂದ ಚೆಂಡು ಮೇಲೆದ್ದಿತು,
ಅದರ ಹಿಂದೆಯೇ ಊರಿನ ಕತ್ತೆಲ್ಲ ಮೇಲೆದ್ದವು.
ಸಿಪ್ರಿಯನ್ ಮಾಸ್ಟ್ರ ಸೀಟಿ ಬಾಯಲ್ಲಿ, ಕಣ್ಣು ಆಕಾಶದಲ್ಲಿ.
ಕೆಳಗೆ, ಯಾರ ನೋಟವೂ ಇಲ್ಲದ ಒಂದು ಮೊಳ ಜಾಗದಲ್ಲಿ
ತಮೀಮನ ಮೊಣಕೈ
ಕುದ್ರೋಳಿಯ ಸಿನಾನನ ಬಾಯಿಗೆ.
ಚೆಂಡು ಇಳಿಯುವಾಗ ಗೋಲು ನಮ್ಮದು. ಕಪ್ ನಮ್ಮದು.
ಸುಣ್ಣದ ಗೆರೆಯ ಹತ್ತಿರ
ಸುಣ್ಣದಷ್ಟೇ ಬಿಳಿಯ ಒಂದು ಹಲ್ಲು.

ಹಿಡಿದುಕೊಟ್ಟವನು ನಮ್ಮವನೇ,
ಐಸ್ ಪ್ಲಾಂಟಿನ ನೌಷಾದ.
ಗೋಲನ್ನು ಮೊಬೈಲಿನಲ್ಲಿ ಹಿಡಿದ, ಸ್ಟೇಟಸ್ ಹಾಕಿದ,
ಮೂಲೆಯಲ್ಲಿ ಉಗುರಿನಷ್ಟು ಮೊಣಕೈಯೂ ಇತ್ತು.
ಹೆಮ್ಮೆಗೆಂದು ಹಾಕಿದ್ದು
ಸಂಜೆಯೊಳಗೆ ಸಾಕ್ಷಿಯಾಯಿತು.

"ರೆಫ್ರಿ ಊದಲಿಲ್ಲ ಅಂದ್ಮೇಲೆ ಫೌಲೇ ಇಲ್ಲ ಮಾರಾಯ,"
ಬಲೆ ಹೆಣೆಯುವ ಲೋಕಯ್ಯ.
"ಪೊಲೀಸ್ ನೋಡದಿದ್ರೆ ಕದ್ದದ್ದು ಕದ್ದದ್ದಲ್ವಾ ಹಾಗಾದ್ರೆ?"
ಅವನ ಭಾವ.
"ಮೂರು ಮ್ಯಾಚ್ ಹೊರಗೆ ಇಡ್ತಾರಂತೆ. ಗೋಲನ್ನು ಹಿಂದೆ ತೆಗೀಲಿಕ್ಕೆ ಆಗ್ತದಾ?
ಆಗದಿದ್ರೆ ಶಿಕ್ಷೆ ಎಂಥದ್ದಕ್ಕೆ?"
"ಮುಂದಿನ ಮೊಣಕೈಗೆ."
"ಮುಂದಿನದ್ದು ಮುಂದೆ ನೋಡುವ."
"ಮಾಸ್ಟ್ರನ್ನೂ ಮೂರು ಮ್ಯಾಚ್ ಕೂರಿಸ್ಬೇಕು."
"ಅವರಿಗೆ ಇರುವುದು ಎರಡೇ ಕಣ್ಣು."
"ನನಗೂ ಎರಡೇ. ನಾನು ನೋಡಿದೆ."
"ನೋಡಿ ಎಂತ ಮಾಡಿದೆ?"
"ಬೊಬ್ಬೆ ಹಾಕಿದೆ. ಗೋಲ್ ಅಂತ."
ದೋಣಿಗೆ ದೋಣಿಯೇ ನಕ್ಕಿತು. ದಡ ಬಂತು.

ಇಷ್ಟು ದಿನವೂ ತಮೀಮ
ಇಂಜಿನ್ನಿನ ಪಕ್ಕದಲ್ಲೇ ಕೂತ.
ಅಲ್ಲಿ ಯಾರು ಏನು ಕೇಳಿದರೂ
ಕೇಳಿಸಲಿಲ್ಲ ಅನ್ನಬಹುದು.

ಒಂಬತ್ತನೆಯ ದಿನ ಅಪ್ಪಿಯಕ್ಕ
ಬುಟ್ಟಿ ಇಳಿಸಿ ಎರಡು ಟಿಕೆಟಿನ ದುಡ್ಡು ಕೊಟ್ಟಳು.
"ಒಂದು ನಿನ್ನೆಯದ್ದು. ನೀನು ಕೇಳಲಿಲ್ಲ, ನಾನು ಕೊಡಲಿಲ್ಲ."
ನಿನ್ನೆಯ ಲೆಕ್ಕ ಮುಚ್ಚಿದೆ ಅಕ್ಕ, ಧಣಿ ಎಣಿಸಿ ಒಯ್ದಾಗಿದೆ,
ಇವತ್ತಿನದಕ್ಕೆ ಸೇರಿಸಿದರೆ ಇವತ್ತೇ ತಪ್ಪುತ್ತದೆ,
ಇರಲಿ ಬಿಡಿ ಅಂದೆ.
"ಬೇಡ ಅನ್ನುವುದು ನಿನ್ನ ಲೆಕ್ಕ," ಅಂದಳು,
"ಕೊಡುವುದು ನನ್ನದು."
ಬಂಗುಡೆಯ ವಾಸನೆಯ ಆ ನಾಣ್ಯ
ಇನ್ನೂ ನನ್ನ ಅಂಗಿಯ ಜೇಬಿನಲ್ಲಿದೆ.
ಯಾವ ಪುಸ್ತಕದಲ್ಲಿ ಬರೆಯಲಿ ಅದನ್ನು?

ಹನ್ನೆರಡನೆಯ ದಿನ ತೀರ್ಪು: ಮೂರು ಮ್ಯಾಚ್.
ಹೊಳೆಯ ನಡುವಿನ ತನಕ ಯಾರೂ ಮಾತಾಡಲಿಲ್ಲ.
ಆಮೇಲೆ, ಮೂರು ಜಾಸ್ತಿಯೋ ಕಮ್ಮಿಯೋ ಎಂದು ಶುರುವಾಯಿತು.

ಶುಕ್ರವಾರ, ಬೆಳಗಿನ ಮೊದಲ ದೋಣಿ.
ಒಬ್ಬನೇ ಬಂದ ತಮೀಮ, ಕೈಯಲ್ಲಿ ಥರ್ಮಾಕೋಲ್ ಪೆಟ್ಟಿಗೆ.
ಐಸಿನ ನಡುವೆ ಅರ್ಧ ಅಂಜಲ್.
ಮೀನಿನ ಊರಿನಿಂದ ಮೀನಿನ ಧಕ್ಕೆಗೆ ಯಾರಾದರೂ ಮೀನು ಒಯ್ಯುತ್ತಾರಾ?
ಕೇಳಲಿಲ್ಲ. ಅವನೇ ಹೇಳಿದ,
ನನಗಲ್ಲ, ಪೆಟ್ಟಿಗೆಗೆ ಹೇಳುವ ಹಾಗೆ:
"ಮುಂದಿನ ಹಲ್ಲಿಲ್ಲದವರಿಗೆ ಇದೇ ಒಳ್ಳೇದು. ಮುಳ್ಳು ಕಮ್ಮಿ."
ಇಳಿದು, ಕುದ್ರೋಳಿಯ ದಾರಿ ಹಿಡಿದ.
ಒಮ್ಮೆ ನಿಂತ. ಪೆಟ್ಟಿಗೆಯ ಕೈ ಬದಲಿಸಿದ.
ಮತ್ತೆ ನಡೆದ.

ಸಂಜೆ ದೋಣಿ ತುಂಬಿತ್ತು.
"ತಮೀಮ ಆ ಹುಡುಗನ ಮನೆಗೆ ಹೋಗಿದ್ದನಂತೆ,
ನಿನ್ನ ದೋಣಿಯಲ್ಲೇ ಅಂತೆ. ಹೌದಾ?
ನೀನು ನೋಡಿದ್ಯಾ?" ಲೋಕಯ್ಯ.
"ಟಿಕೆಟ್ ಹರಿಯುತ್ತಿದ್ದೆ," ಅಂದೆ. "ನೋಡಲಿಲ್ಲ."
"ಇವನಿಗೂ ಮೂರು ಮ್ಯಾಚ್ ಕೊಡಿ!"
ಹಿಂದಿನಿಂದ ಯಾರೋ ಕೂಗಿದರು.
ಆಚೆ ದಡಕ್ಕೆ ಇನ್ನೂ ಐದು ನಿಮಿಷವಿತ್ತು.